ಸಾಯಬೇಕಾದ ಕೋಶ ಸಾಯದಿದ್ದರೆ ವೀರ್ಯಾಣುವೂ ಇಲ್ಲ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಊರಿನ ಈಗಿನ ಚಿಂತೆ ಏನು ಅಂತ ಬೋರ್ಡುಗಳೇ ಹೇಳುತ್ತವೆ. ಮಂಡಿನೋವು, ಸಕ್ಕರೆ ಕಾಯಿಲೆಯ ಪಕ್ಕದಲ್ಲೇ ಈಗ ಐವಿಎಫ್ ಮತ್ತು ಬಂಜೆತನ ನಿವಾರಣೆ. ಮಲೆನಾಡಿನಲ್ಲಿ ಇದಕ್ಕೆ ಒಂದು ಹಿನ್ನೆಲೆಯೂ ಇದೆ. ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗೋದು ತಡ. ಮದುವೆ ಹೊತ್ತಿಗೆ ಎಷ್ಟೋ ಜನಕ್ಕೆ ಮೂವತ್ತೈದು ದಾಟಿರುತ್ತದೆ. ಆಮೇಲೆ ಒಂದೆರಡು ವರ್ಷ ಮಗುವಾಗದಿದ್ದರೆ ಮೊದಲು ಹೆಂಡತಿಗೆ ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಹರಕೆ, ವ್ರತ ಎಲ್ಲ ಆಗುತ್ತದೆ. ಗಂಡನ ಸರದಿ ಬರೋದು ಕೊನೆಗೆ, ಅದೂ ಬೇರೆ ದಾರಿಯೇ ಇಲ್ಲ ಅಂದಾಗ. ಮಗುವಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ ಅನ್ನೋದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಮನೆಯವರಿಗೆ ಗೊತ್ತಾಗಬೇಕಷ್ಟೆ.

ಗಂಡಸಿನ ಪರೀಕ್ಷೆಯ ರಿಪೋರ್ಟು ಸಾಮಾನ್ಯವಾಗಿ ಒಂದೇ ಹಾಳೆ. ಒಂದು ಮಿಲಿ ಲೀಟರಿನಲ್ಲಿ ಎಷ್ಟು ವೀರ್ಯಾಣು, ಎಷ್ಟು ಓಡಾಡುತ್ತಿವೆ, ಎಷ್ಟರ ಆಕಾರ ಸರಿ ಇದೆ, ಇಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಒಂದು ಮಿಲಿ ಲೀಟರಿಗೆ 1.6 ಕೋಟಿ ಅನ್ನುವ ಗೆರೆ ಹಾಕಿದೆ. ಆ ಗೆರೆ ದಾಟಿದರೆ ಪಾಸು, ಕೆಳಗಿದ್ದರೆ ಫೇಲು ಅಂತ ಅಲ್ಲ. ಒಂದು ವರ್ಷದೊಳಗೆ ತಂದೆಯಾದ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ತೀರ ಕೆಳಗಿನ ಶೇ. 5 ಮಂದಿ ಇರುವ ಜಾಗ ಅದು. ಅಂದರೆ ಆ ಗೆರೆಯ ಕೆಳಗಿದ್ದವರಿಗೂ ಮಗುವಾಗಿದೆ.

ಈಚೆಗೆ ಈ ಹಾಳೆಯ ಜೊತೆ ಇನ್ನೊಂದು ಹಾಳೆ ಸೇರಿಕೊಂಡಿದೆ. ವೀರ್ಯಾಣುವಿನ ಡಿಎನ್‌ಎ ಎಷ್ಟು ತುಂಡಾಗಿದೆ ಅನ್ನೋ ಪರೀಕ್ಷೆ. ಶೇ. 30 ಅಂತಲೋ 35 ಅಂತಲೋ ಕೆಂಪು ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಓದಿದವನಿಗೆ ತನ್ನ ಮೈಯೊಳಗೆ ಕೋಶಗಳು ಸುಮ್ನೆ ಸತ್ತು ಬೀಳುತ್ತಿವೆ ಅನ್ನಿಸುತ್ತದೆ. ಆ ಸಾವನ್ನು ತಡೆಯೋ ಮಾತ್ರೆ ಅಂತ ಮೂರು ತಿಂಗಳ ಸ್ಟ್ರಿಪ್ಪುಗಳೂ ಕೈಗೆ ಬರುತ್ತವೆ. ನನ್ನ ತಕರಾರು ಇರೋದು ಇಲ್ಲೇ. ವೃಷಣದಲ್ಲಿ ಕೋಶ ಸಾಯೋದು ರೋಗ ಅಲ್ಲ. ಅದು ನಿಂತುಹೋದರೆ ರೋಗ. ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಕೋಶ ಸತ್ತಿತು, ಯಾವಾಗ ಸತ್ತಿತು, ಅಳತೆ ಮೀರಿತೇ?

ಒಳಗಿನ ವ್ಯವಸ್ಥೆ ಹೀಗಿದೆ. ಪ್ರತಿ ವೃಷಣದಲ್ಲೂ ತೆಳ್ಳನೆಯ ನಳಿಗೆಗಳು ಸುತ್ತಿಕೊಂಡು ಕೂತಿವೆ. ಬಿಡಿಸಿ ಜೋಡಿಸಿದರೆ ನೂರಾರು ಮೀಟರ್ ಉದ್ದ. ನಳಿಗೆಯ ಗೋಡೆಯ ಬುಡದಲ್ಲಿ ಮೂಲಕೋಶಗಳಿವೆ. ಅವು ಒಡೆದು ಎರಡಾಗಿ, ನಾಲ್ಕಾಗಿ, ಎಂಟಾಗುತ್ತ ಒಳಮುಖವಾಗಿ ಸರಿಯುತ್ತವೆ. ನಡುವೆ ಒಂದು ಹಂತದಲ್ಲಿ ಕ್ರೋಮೋಸೋಮುಗಳು ಜೋಡಿಯಾಗಿ, ತುಣುಕು ಬದಲಾಯಿಸಿಕೊಂಡು, 46 ಇದ್ದದ್ದು 23 ಆಗುತ್ತವೆ. ಕೊನೆಗೆ ದುಂಡಗಿನ ಕೋಶಕ್ಕೆ ತಲೆ, ಬಾಲ ಬಂದು ವೀರ್ಯಾಣು ಆಗುತ್ತದೆ. ಮನುಷ್ಯರಲ್ಲಿ ಇದಕ್ಕೆ ಸುಮಾರು 64 ದಿನ ಬೇಕು. ಆಮೇಲೆ ಹೊರಗಿನ ಕೊಳವೆಯಲ್ಲಿ ಪಳಗೋಕೆ ಇನ್ನಷ್ಟು ದಿನ. ಒಟ್ಟು ಎರಡೂವರೆ ತಿಂಗಳು ಅಂತ ಇಟ್ಟುಕೊಳ್ಳಿ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಈ ಕೋಶಗಳನ್ನೆಲ್ಲ ಸಾಕೋದು ಸರ್ಟೋಲಿ ಕೋಶಗಳು. ಎನ್ರಿಕೊ ಸರ್ಟೋಲಿ ಅನ್ನುವ ಇಟಲಿಯ ವಿಜ್ಞಾನಿ 1865ರಲ್ಲಿ ಇವನ್ನು ವರ್ಣಿಸಿದ. ಬುಡದಿಂದ ನಳಿಗೆಯ ಒಳತುದಿವರೆಗೂ ಚಾಚಿಕೊಂಡಿರುವ ದೊಡ್ಡ ಕೋಶಗಳು ಇವು. ಬೆಳೆಯುತ್ತಿರುವ ಕೋಶಗಳು ಇವುಗಳ ಮಡಿಕೆಯಲ್ಲೇ ಇರುತ್ತವೆ. ಹುಡುಗ ಪ್ರಾಯಕ್ಕೆ ಬರುವ ಹೊತ್ತಿಗೆ ಸರ್ಟೋಲಿ ಕೋಶಗಳು ಹೆಚ್ಚೋದು ನಿಂತುಹೋಗುತ್ತದೆ. ಆಮೇಲೆ ಸಂಖ್ಯೆ ಅಷ್ಟೇ. ಒಂದೊಂದೂ ಸಾಕಬಲ್ಲ ಮರಿಕೋಶಗಳಿಗೂ ಮಿತಿ ಇದೆ. ಆದರೆ ಬುಡದಲ್ಲಿ ಒಡೆಯೋ ಕೋಶಗಳು ಈ ಮಿತಿ ನೋಡಿಕೊಂಡು ಒಡೆಯಲ್ಲ. ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಹುಟ್ಟುತ್ತವೆ. ಇಲಿಗಳಲ್ಲಿ ಹಾಕಿದ ಲೆಕ್ಕದ ಪ್ರಕಾರ, ಹುಟ್ಟಬಹುದಾಗಿದ್ದ ವೀರ್ಯಾಣುಗಳಲ್ಲಿ ಮುಕ್ಕಾಲು ಪಾಲು ದಾರಿಯಲ್ಲೇ ಮುಗಿದುಹೋಗುತ್ತವೆ. ಅದು ಆರೋಗ್ಯವಾಗಿರುವ ಇಲಿಯ ಲೆಕ್ಕ.

ಅಡಿಕೆ ಬೆಳೆಯೋರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಹಿಂಗಾರದಲ್ಲಿ ಕಚ್ಚಿದ್ದೆಲ್ಲ ಗೊನೆಯಲ್ಲಿ ನಿಲ್ಲಲ್ಲ. ಎಳೆಗಾಯಿ ಒಂದಷ್ಟು ಉದುರುತ್ತದೆ, ಮರ ಸಾಕುವಷ್ಟು ಉಳಿಯುತ್ತದೆ. ಮಳೆಗಾಲದಲ್ಲಿ ಕೊಳೆ ಬಂದು ಗೊನೆ ಗೊನೆಯೇ ಖಾಲಿಯಾಗೋದು ಬೇರೆ ಮಾತು. ನೆಲದಲ್ಲಿ ಬಿದ್ದಿರೋದು ಎರಡೂ ಸಲ ಕಾಯಿಯೇ. ಹಾಗಂತ ಮೊದಲನೆಯದಕ್ಕೆ ಯಾರೂ ಬೋರ್ಡೋ ದ್ರಾವಣ ಹೊಡೆಯೋಕೆ ಹೋಗಲ್ಲ, ಅಲ್ವಾ?

ಕೋಶ ತಾನಾಗಿ, ಕ್ರಮಬದ್ಧವಾಗಿ ಸಾಯೋ ಈ ಬಗೆಗೆ ಅಪೊಪ್ಟೋಸಿಸ್ ಅಂತ ಹೆಸರು ಬಿದ್ದದ್ದು 1972ರಲ್ಲಿ, ಕೆರ್, ವಿಲ್ಲಿ ಮತ್ತು ಕರಿ ಎಂಬ ಮೂವರ ಪ್ರಬಂಧದಿಂದ. ಅದರ ಹಿಂದಿರುವ ಜೀನುಗಳು ಒಂದು ಪುಟಾಣಿ ಹುಳದಲ್ಲಿ ಸಿಕ್ಕವು. ಆ ಹುಳ ಬೆಳೆಯುವಾಗ ಹುಟ್ಟುವ 1090 ಕೋಶಗಳಲ್ಲಿ ಸರಿಯಾಗಿ 131 ಸಾಯುತ್ತವೆ, ಪ್ರತಿ ಸಲವೂ ಅವೇ 131. ಆ ಕೆಲಸಕ್ಕೆ ಬ್ರೆನರ್, ಹಾರ್ವಿಟ್ಜ್, ಸಲ್ಸ್ಟನ್ ಅವರಿಗೆ 2002ರ ನೊಬೆಲ್ ಬಂತು.

ನಮ್ಮ ವಿಷಯಕ್ಕೆ ದೊಡ್ಡ ಸಾಕ್ಷಿ ಅಂದರೆ 1995ರ ಒಂದು ಪ್ರಯೋಗ. ಕೋಶವನ್ನು ಸಾವಿನ ಕಡೆ ತಳ್ಳುವ ಬ್ಯಾಕ್ಸ್ ಅನ್ನೋ ಜೀನ್ ಇದೆ. ಅಮೆರಿಕದ ಸ್ಟ್ಯಾನ್ಲಿ ಕೋರ್ಸ್‌ಮೇಯರ್ ತಂಡ ಆ ಜೀನನ್ನೇ ತೆಗೆದುಹಾಕಿದ ಇಲಿಗಳನ್ನು ಬೆಳೆಸಿತು. ಸಾವು ಕಡಿಮೆಯಾದರೆ ವೀರ್ಯಾಣು ಜಾಸ್ತಿಯಾಗಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದದ್ದು ತದ್ವಿರುದ್ಧ. ಗಂಡು ಇಲಿಗಳು ಪೂರ್ತಿ ಬಂಜೆಯಾದವು. ನಳಿಗೆಯೊಳಗೆ ಎಳೆಯ ಕೋಶಗಳು ಕಿಕ್ಕಿರಿದು ತುಂಬಿಕೊಂಡಿದ್ದವು. ಬಲಿತ ವೀರ್ಯಾಣು ಮಾತ್ರ ಇರಲಿಲ್ಲ. ಆಮೇಲೆ ಬೇರೆ ತಂಡಗಳು ಸಾವನ್ನು ತಡೆಯುವ ಬಿಸಿಎಲ್-2 ಜೀನನ್ನು ಎಳೆಯ ಕೋಶಗಳಲ್ಲಿ ಜಾಸ್ತಿ ಮಾಡಿ ನೋಡಿದವು. ಅಲ್ಲೂ ಫಲ ಬಂಜೆತನವೇ. ಮರಿ ಇಲಿಗಳಲ್ಲಿ ಹುಟ್ಟಿದ ಎರಡನೇ ವಾರದಿಂದ ನಾಲ್ಕನೇ ವಾರದೊಳಗೆ ಸಾವಿನ ಒಂದು ದೊಡ್ಡ ಅಲೆ ಬಂದುಹೋಗುತ್ತದೆ. ಅದು ಬರದಿದ್ದರೆ ಸರ್ಟೋಲಿ ಕೋಶ ಮತ್ತು ಮರಿಕೋಶಗಳ ಲೆಕ್ಕ ಜೀವಮಾನದಲ್ಲಿ ಸರಿಹೋಗಲ್ಲ.

ಲೆಕ್ಕ ಸರಿಮಾಡೋದು ಒಂದು ಕೆಲಸ. ತಪ್ಪಿದ್ದನ್ನು ತಡೆಯೋದು ಇನ್ನೊಂದು. ಕ್ರೋಮೋಸೋಮುಗಳು ಜೋಡಿಯಾಗುವ ಹಂತದಲ್ಲಿ ಎಲ್ಲಾದರೂ ಜೋಡಿ ತಪ್ಪಿದರೆ ಆ ಕೋಶ ಅಲ್ಲೇ ಮುಗಿಯುತ್ತದೆ. ಮುಂದೆ ಬಿಟ್ಟರೆ ಹುಟ್ಟೋ ವೀರ್ಯಾಣುವಿನಲ್ಲಿ ಒಂದು ಕ್ರೋಮೋಸೋಮ್ ಹೆಚ್ಚೋ ಕಡಿಮೆಯೋ ಆಗಿ, ಗರ್ಭ ನಿಲ್ಲದೇ ಹೋಗಬಹುದು. (ಹೆಣ್ಣಿನಲ್ಲೂ ಹೀಗೇ. ಹೆಣ್ಣು ಭ್ರೂಣ ಐದು ತಿಂಗಳಿದ್ದಾಗ ಅಂಡಕೋಶಗಳು 60ರಿಂದ 70 ಲಕ್ಷ. ಹುಟ್ಟುವಾಗ ಉಳಿಯೋದು 10ರಿಂದ 20 ಲಕ್ಷ. ಅವುಗಳಲ್ಲಿ ಜೀವಮಾನದಲ್ಲಿ ಹೊರಬರೋದು ಸುಮಾರು 400. ಆದರೂ ಈ ಸಾವಿನ ಲೆಕ್ಕವನ್ನು ಯಾರೂ ರಿಪೋರ್ಟು ಮಾಡಿ ಹೆದರಿಸಲ್ಲ.)

ಸತ್ತ ಕೋಶ ಎಲ್ಲಿಗೆ ಹೋಗುತ್ತದೆ? ಇದು ನನಗೆ ಈ ಇಡೀ ಕಥೆಯ ಚೆಂದದ ಭಾಗ. ಸಾಯಲು ಹೊರಟ ಕೋಶ ಮೊದಲು ಮುದುಡುತ್ತದೆ. ಬೀಜಕೇಂದ್ರ ಗಟ್ಟಿಯಾಗಿ ಕಪ್ಪಗೆ ಕಾಣುತ್ತದೆ. ಪೊರೆಯ ಒಳಮೈಯಲ್ಲಿ ಇರಬೇಕಾದ ಫಾಸ್ಫಟಿಡೈಲ್ ಸೆರೀನ್ ಅನ್ನೋ ಕೊಬ್ಬು ಹೊರಮೈಗೆ ತಿರುಗುತ್ತದೆ. ಪಕ್ಕದ ಸರ್ಟೋಲಿ ಕೋಶಕ್ಕೆ ಅಷ್ಟು ಗುರುತು ಸಾಕು, ಸತ್ತ ಕೋಶವನ್ನು ಇಡಿಯಾಗಿ ನುಂಗಿಬಿಡುತ್ತದೆ. ಸೋರಿಕೆ ಇಲ್ಲ, ಊತ ಇಲ್ಲ. ಇಷ್ಟು ದಿನ ಸಾಕಿದ ಕೋಶವೇ ಕೊನೆಗೆ ಅದನ್ನು ಅರಗಿಸಿಕೊಂಡು ಶಕ್ತಿಗೆ ಬಳಸುತ್ತದೆ. 2002ರಲ್ಲಿ ಜಪಾನಿನ ಒಂದು ತಂಡ ಇಲಿಯ ನಳಿಗೆಯೊಳಗೆ ಈ ಗುರುತನ್ನು ಮುಚ್ಚುವ ಅನೆಕ್ಸಿನ್ ಎಂಬ ಪ್ರೋಟೀನನ್ನು ಚುಚ್ಚಿ ನೋಡಿತು. ನುಂಗೋದು ನಿಂತಿತು, ವೀರ್ಯಾಣು ಹುಟ್ಟೋದೂ ಕಡಿಮೆಯಾಯಿತು. 2010ರಲ್ಲಿ ಎಲ್ಮೊ-1 ಅನ್ನೋ ಜೀನ್ ಇಲ್ಲದ ಇಲಿಗಳಲ್ಲೂ ಇದೇ ಕಂಡಿತು. ಸತ್ತದ್ದನ್ನು ಎತ್ತುವವರಿಲ್ಲದೆ ನಳಿಗೆ ಹಾಳಾಗಿತ್ತು.

ಸಾವಿನ ಯಂತ್ರಾಂಗ ಕೊಲ್ಲೋಕೆ ಮಾತ್ರ ಅಂತಲೂ ಅಲ್ಲ. ಹಣ್ಣಿನ ನೊಣದಲ್ಲಿ ವೀರ್ಯಾಣು ತಯಾರಾಗುವ ಕೊನೆಯ ಹಂತದಲ್ಲಿ ಕ್ಯಾಸ್ಪೇಸ್‌ಗಳು ಕೆಲಸಕ್ಕೆ ಇಳಿಯುತ್ತವೆ. ಸಾಯುವ ಕೋಶವನ್ನು ಒಳಗಿಂದ ಕತ್ತರಿಸುವ ಕಿಣ್ವಗಳು ಇವೇ. ಆದರೆ ಇಲ್ಲಿ ಕೋಶ ಸಾಯಲ್ಲ. ಬೇಡದ ಕೋಶರಸ ಮಾತ್ರ ಹೊರಬಿದ್ದು, ತೆಳ್ಳಗಿನ, ಈಜಬಲ್ಲ ವೀರ್ಯಾಣು ಉಳಿಯುತ್ತದೆ. 2003ರಲ್ಲಿ ಹರ್ಮನ್ ಸ್ಟೆಲ್ಲರ್ ತಂಡ ಇದನ್ನು ತೋರಿಸಿತು. ಕ್ಯಾಸ್ಪೇಸನ್ನು ತಡೆದರೆ ನೊಣ ಬಂಜೆ. ಮನುಷ್ಯರಲ್ಲೂ ಕೊನೆಯಲ್ಲಿ ಉಳಿದ ಕೋಶರಸವನ್ನು ವೀರ್ಯಾಣು ಕಳಚಿಹಾಕುತ್ತದೆ, ಸರ್ಟೋಲಿ ಕೋಶ ನುಂಗುತ್ತದೆ.

ಇನ್ನು ಅಳತೆ ಮೀರಿದ ಸಾವು. ಮೊದಲ ಕಾರಣ ಬಿಸಿ.

ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದವರು ಬೆಳಗಿನ ಹೊತ್ತು ತುಂಗೆಯ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸೋದನ್ನು ನೋಡಿರುತ್ತೀರಿ. ಮುಂದಿನ ಸಲ ಹೋದಾಗ ದಂತ ಇರುವ ಗಂಡಾನೆಯನ್ನು ಹಿಂದಿನಿಂದ ನೋಡಿ. ಹೋರಿಗೆ ಜೋತಾಡುವ ಚೀಲ ಇದಕ್ಕೆ ಇಲ್ಲವೇ ಇಲ್ಲ. ಆನೆಯ ವೃಷಣ ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರವೇ ಇರುತ್ತದೆ. ಮನುಷ್ಯ, ಹೋರಿ, ನಾಯಿ, ಇಲಿ ಇವೆಲ್ಲವುಗಳಲ್ಲಿ ಅದು ಹೊರಗೆ ಇಳಿದು, ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪಾಗಿರುತ್ತದೆ. ಪ್ರಯೋಗಕ್ಕಾಗಿ ಇಲಿಯ ವೃಷಣವನ್ನು ಹೊಟ್ಟೆಯೊಳಗೆ ಸರಿಸಿದರೆ ಕೆಲವೇ ದಿನಗಳಲ್ಲಿ ಕೋಶಗಳು ಸಾಲುಸಾಲಾಗಿ ಸಾಯುತ್ತವೆ. ಈ ಸಾವಿಗೆ ಚಾಲನೆ ಕೊಡುವವುಗಳಲ್ಲಿ, ಡಿಎನ್‌ಎ ಕೆಟ್ಟ ಕೋಶವನ್ನು ಸಾವಿನ ಕಡೆ ತಳ್ಳುವ ಪಿ53 ಅನ್ನೋ ಜೀನ್ ಒಂದು. ಅದು ಇಲ್ಲದ ಇಲಿಗಳಲ್ಲಿ ಬಿಸಿಯಿಂದಾಗುವ ಸಾವು ಕೆಲವು ದಿನ ತಡವಾಯಿತು, ನಿಲ್ಲಲಿಲ್ಲ. ಬೇರೆ ದಾರಿಗಳೂ ಇವೆ.

ಕುತೂಹಲದ ವಿಷಯ ಅಂದರೆ ಆಫ್ರಿಕಾದ ಆನೆಯಲ್ಲಿ ಪಿ53 ಜೀನಿನ ಸುಮಾರು 20 ಪ್ರತಿಗಳಿವೆ. ನಮ್ಮಲ್ಲಿ ಇರೋದು ಒಂದೇ ಜೀನ್. 2015ರಲ್ಲಿ ಇದನ್ನು ಆನೆಗೆ ಕ್ಯಾನ್ಸರ್ ಕಡಿಮೆ ಬರೋದಕ್ಕೆ ಕಾರಣ ಅಂತ ವಿವರಿಸಿದರು. 2023ರಲ್ಲಿ ಆಕ್ಸ್‌ಫರ್ಡಿನ ಪ್ರಾಣಿವಿಜ್ಞಾನಿ ಫ್ರಿಟ್ಜ್ ವೋಲ್ರಾತ್ ಬೇರೆ ಮಾತು ಹೇಳಿದರು. ಈ ಪ್ರತಿಗಳು ಮೊದಲು ಹೆಚ್ಚಿದ್ದು ಹೊಟ್ಟೆಯ ಬಿಸಿಯಲ್ಲಿ ಹುಟ್ಟುವ ವೀರ್ಯಾಣುಗಳನ್ನು ಕಾಯೋಕೆ ಇರಬಹುದು, ಕ್ಯಾನ್ಸರಿನಿಂದ ರಕ್ಷಣೆ ಆಮೇಲಿನ ಲಾಭ ಅಂತ. ಇದು ಊಹೆ ಮಾತ್ರ, ಪ್ರಯೋಗದಿಂದ ಸಾಬೀತಾಗಿಲ್ಲ. ಆದರೂ ಒಳ್ಳೆ ಊಹೆ.

ಬಿಸಿ ಅಂದ ತಕ್ಷಣ ಮಲೆನಾಡಿನವರು ಬಚ್ಚಲ ಹಂಡೆಯ ಕಡೆ ನೋಡಬೇಕಿಲ್ಲ. ಪ್ರಯೋಗಗಳಲ್ಲಿ ಗಂಡಸರು 43 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಕೂತಿದ್ದರು, ಅದೂ ದಿನಾ, ಆರು ದಿನ. ತಂಬಿಗೆಯಲ್ಲಿ ಮೊಗೆದು ಸುರಿದುಕೊಳ್ಳೋದು ಬೇರೆ. ನಿಜವಾದ ಬಿಸಿ ನಮಗೆ ಬರೋದು ಜ್ವರದಿಂದ. ಡೆಂಗೆ ಇರಲಿ, ಮಂಗನ ಕಾಯಿಲೆ ಇರಲಿ, 103 ಡಿಗ್ರಿ ಜ್ವರ ನಾಲ್ಕು ದಿನ ಇದ್ದರೆ ಆ ಹೊತ್ತಿನಲ್ಲಿ ಬೆಳೆಯುತ್ತಿದ್ದ ಕೋಶಗಳ ಮೇಲೆ ಪೆಟ್ಟು ಬೀಳುತ್ತದೆ. ಅದರ ಫಲ ಅಂದೇ ಕಾಣಲ್ಲ. ಎರಡೂವರೆ ತಿಂಗಳ ಲೆಕ್ಕ ನೆನಪಿದೆಯಲ್ಲ? ಜ್ವರ ಬಿಟ್ಟು ತಿಂಗಳು ಒಂದೂವರೆ ತಿಂಗಳಾದ ಮೇಲೆ, ಮನುಷ್ಯ ಗಟ್ಟಿಮುಟ್ಟಾಗಿ ತೋಟ ಸುತ್ತುವಾಗ, ಕೌಂಟ್ ಕೆಳಗಿಳಿದಿರುತ್ತದೆ. ಆ ವಾರ ಲ್ಯಾಬಿಗೆ ಹೋದವನಿಗೆ ಕೆಟ್ಟ ರಿಪೋರ್ಟು ಬರುತ್ತದೆ. ಹಾಗಾಗಿ ವೈದ್ಯರು ಕೇಳದಿದ್ದರೂ ಕಳೆದ ಮೂರು ತಿಂಗಳಲ್ಲಿ ಜ್ವರ ಬಂದಿತ್ತಾ ಅನ್ನೋದನ್ನು ನೀವೇ ಹೇಳಿ. ಒಂದೇ ರಿಪೋರ್ಟಿನ ಮೇಲೆ ತೀರ್ಮಾನಕ್ಕೆ ಬರೋದೂ ಬೇಡ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸ ಇದೆ. ಬಿಸಿಗೆ ಸಾಯೋದು ಹೆಚ್ಚಾಗಿ ನಡುವಿನ ಹಂತದ ಕೋಶಗಳು. ಬುಡದ ಮೂಲಕೋಶ ಉಳಿದಿರುತ್ತದೆ, ಹಾಗಾಗಿ ಕೆಲವು ತಿಂಗಳಲ್ಲಿ ಎಲ್ಲ ಮತ್ತೆ ಚಿಗುರುತ್ತದೆ. ಮೂಲಕೋಶವೇ ಸತ್ತರೆ ಆ ಆಸೆ ಇಲ್ಲ. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ ಡಿಬಿಸಿಪಿ ಅನ್ನೋ ಜಂತುನಾಶಕ ತಯಾರಿಸುತ್ತಿದ್ದ ಕಾರ್ಮಿಕರಿಗೆ ಮಕ್ಕಳಾಗುತ್ತಿಲ್ಲ ಅನ್ನೋದು ಬೆಳಕಿಗೆ ಬಂತು. ಕೆಲವರಲ್ಲಿ ವೀರ್ಯಾಣು ಮತ್ತೆ ಬರಲೇ ಇಲ್ಲ. ಬಾಳೆತೋಟಗಳಲ್ಲಿ ಬೇರಿನ ಹುಳಕ್ಕೆ ಬಳಸುತ್ತಿದ್ದ ಔಷಧಿ ಅದು. ಆ ಔಷಧಿ ಈಗ ಇಲ್ಲ. ಆದರೆ ಶುಂಠಿ ಗದ್ದೆಯಲ್ಲಿ ಬರಿಗೈಯಲ್ಲಿ, ಮುಖಕ್ಕೆ ಒಂದು ಬಟ್ಟೆಯೂ ಇಲ್ಲದೆ ಔಷಧಿ ಕಲಸೋ ಅಭ್ಯಾಸ ನಮ್ಮಲ್ಲಿ ಹಾಗೇ ಇದೆ. ಕ್ಯಾನ್ಸರಿನ ಕೀಮೋ, ರೇಡಿಯೇಶನ್ ಕೂಡ ಮೂಲಕೋಶವನ್ನು ಕೊಲ್ಲಬಲ್ಲವು. ಚಿಕಿತ್ಸೆ ಶುರುವಾಗೋ ಮೊದಲೇ ವೀರ್ಯ ಶೇಖರಿಸಿಡಬಹುದು ಅನ್ನೋದನ್ನು ಇಪ್ಪತ್ತರ ಹುಡುಗನಿಗೆ ಯಾರಾದರೂ ಹೇಳಬೇಕು. ಎಷ್ಟೋ ಸಲ ಮುಜುಗರದಿಂದ ಯಾರೂ ಹೇಳಲ್ಲ.

ಜಿಮ್ ಇಂಜೆಕ್ಷನ್ ಇನ್ನೊಂದು. ಮೈಕಟ್ಟಿಗೆ ಅಂತ ಹೊರಗಿನಿಂದ ಟೆಸ್ಟೋಸ್ಟಿರಾನ್ ಅನ್ನೋ ಗಂಡು ಹಾರ್ಮೋನು ಚುಚ್ಚಿಕೊಂಡರೆ ಮೆದುಳು ಸಾಕಷ್ಟಿದೆ ಅಂದುಕೊಂಡು ವೃಷಣಕ್ಕೆ ಕಳಿಸುವ ಸಂದೇಶ ನಿಲ್ಲಿಸುತ್ತದೆ. ವೃಷಣದ ಒಳಗೆ ಇರಬೇಕಾದ ಟೆಸ್ಟೋಸ್ಟಿರಾನ್ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅದು ಕುಸಿದ ಕೂಡಲೇ ಮರಿಕೋಶಗಳು ಸಾಯತೊಡಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. 1990ರ ವರದಿಯಂತೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ವೀರ್ಯಾಣು ಸೊನ್ನೆಗೆ ಇಳಿದಿತ್ತು. ಗಂಡಸುತನ ಹೆಚ್ಚಾಗಲಿ ಅಂತ ಗರ್ಭನಿರೋಧಕ ಚುಚ್ಚಿಕೊಳ್ಳೋದು ಅಂದರೆ ಇದೇ. ನಿಲ್ಲಿಸಿದರೆ ಹೆಚ್ಚಿನವರಿಗೆ ಮರಳಿ ಬರುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಈಗ ಆ ಎರಡನೇ ಹಾಳೆ. ವೀರ್ಯಾಣುವಿನ ಡಿಎನ್‌ಎ ತುಂಡಾಗೋದಕ್ಕೆ ಮೂರು ಕಾರಣ ಹೇಳುತ್ತಾರೆ. ತಲೆಯೊಳಗೆ ಡಿಎನ್‌ಎ ಬಿಗಿಯಾಗಿ ಸುತ್ತುವಾಗ ಆದ ತಪ್ಪು, ಕೊಳವೆಯಲ್ಲಿ ಸಾಗುವಾಗ ಆಕ್ಸಿಡೇಶನ್‌ನಿಂದ ಆದ ಪೆಟ್ಟು, ಮತ್ತೆ ಮೂರನೆಯದು ಅರ್ಧಕ್ಕೆ ನಿಂತ ಸಾವು. ಸಾಯೋಕೆ ಹೊರಟ ಕೋಶ ಹೇಗೋ ತಪ್ಪಿಸಿಕೊಂಡು ವೀರ್ಯಾಣುವಾಗಿ ಹೊರಬಂತು ಅನ್ನೋ ವಾದ ಇದು. 1999ರ ಹೊತ್ತಿಗೆ ಡೆನ್ನಿ ಸಕ್ಕಾಸ್ ಮತ್ತು ಸಂಗಡಿಗರು ಮುಂದಿಟ್ಟದ್ದು. ಈ ವಾದ ನಿಜವಾದರೆ ಗಮನಿಸಿ, ದೋಷ ಇರೋದು ಸಾವು ಜಾಸ್ತಿಯಾದದ್ದರಲ್ಲಿ ಅಲ್ಲ, ಪೂರ್ತಿಯಾಗದೆ ಉಳಿದದ್ದರಲ್ಲಿ. ಬಲಿತ ವೀರ್ಯಾಣು ಮಾಮೂಲಿ ಅಪೊಪ್ಟೋಸಿಸ್ ಮಾಡಿಕೊಳ್ಳೋ ಸ್ಥಿತಿಯಲ್ಲೂ ಇರಲ್ಲ. ಅದರ ಡಿಎನ್‌ಎ ಅಷ್ಟು ಬಿಗಿಯಾಗಿ ಕಟ್ಟಿಟ್ಟಿರುತ್ತದೆ, ಜೀನುಗಳೆಲ್ಲ ಹೆಚ್ಚುಕಡಿಮೆ ಮೌನ. ಹಾಗಾಗಿ ಒಂದು ಶೇಕಡಾ ಸಂಖ್ಯೆ ನೋಡಿ ಯಾವ ಕಾರಣದಿಂದ ತುಂಡಾಯಿತು ಅಂತ ಹೇಳೋಕೆ ಆಗಲ್ಲ.

ಪರೀಕ್ಷೆಯೇ ದಂಡ ಅಂತ ನಾನು ಹೇಳುತ್ತಿಲ್ಲ. ಮೇಲಿಂದ ಮೇಲೆ ಗರ್ಭಪಾತ ಆಗುತ್ತಿರುವ ಜೋಡಿಗೆ ಅದರಿಂದ ಸುಳಿವು ಸಿಗಬಹುದು. ಆದರೆ ಅಮೆರಿಕದ ಮೂತ್ರರೋಗ ಮತ್ತು ಸಂತಾನ ತಜ್ಞರ ಸಂಘಗಳ ಮಾರ್ಗಸೂಚಿ ಇದನ್ನು ಮೊದಲ ಸುತ್ತಿನ ಪರೀಕ್ಷೆಯಲ್ಲಿ ಸೇರಿಸಬೇಡಿ ಅನ್ನುತ್ತದೆ. ಮೊದಲ ಭೇಟಿಯಲ್ಲೇ ಬರೆದುಕೊಟ್ಟರೆ ಯಾಕೆ ಅಂತ ಕೇಳೋ ಹಕ್ಕು ನಿಮಗಿದೆ.

ಮಾತ್ರೆಗಳ ವಿಷಯಕ್ಕೆ 2020ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಬಂತು. ಒಂದರಲ್ಲಿ ವಿಟಮಿನ್ ಸಿ, ಇ, ಸೆಲೆನಿಯಂ, ಕಾರ್ನಿಟಿನ್, ಲೈಕೊಪೀನ್ ಎಲ್ಲ ಸೇರಿಸಿದ ಆ್ಯಂಟಿಆಕ್ಸಿಡೆಂಟ್, ಅಂದರೆ ಆಕ್ಸಿಡೇಶನ್ ತಡೆಯೋ ಮಾತ್ರೆ ಕೊಟ್ಟರು. ಮೂರು ತಿಂಗಳಾದ ಮೇಲೂ ಕೌಂಟಿನಲ್ಲಾಗಲೀ ಡಿಎನ್‌ಎಯಲ್ಲಾಗಲೀ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ದೊಡ್ಡದು, 2370 ಜೋಡಿಗಳದ್ದು. ಅರ್ಧ ಗಂಡಸರಿಗೆ ಆರು ತಿಂಗಳು ಸತು ಮತ್ತು ಫೋಲಿಕ್ ಆಮ್ಲ, ಉಳಿದವರಿಗೆ ಹುಸಿ ಮಾತ್ರೆ. ಮಗು ಹುಟ್ಟಿದ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಡಿಎನ್‌ಎ ತುಂಡಾಗೋದು ಮಾತ್ರೆ ತಿಂದವರಲ್ಲೇ ಸ್ವಲ್ಪ ಜಾಸ್ತಿ ಇತ್ತು. ಲಾಭ ಇದೆ ಅನ್ನೋ ಸಣ್ಣಪುಟ್ಟ ಅಧ್ಯಯನಗಳೂ ಇವೆ, ಆದರೆ ಅವುಗಳ ಗುಣಮಟ್ಟ ಕಡಿಮೆ. ಸಾವಿರಾರು ರೂಪಾಯಿ ಸುರಿಯುವಷ್ಟು ಆಧಾರ ನನಗಂತೂ ಕಾಣಲ್ಲ. ಅದೇ ದುಡ್ಡು ಉಳಿಸಿ, ಗುಟ್ಕಾ ಸಿಗರೇಟು ಬಿಟ್ಟು, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸೋದು ಮೇಲು.

ದುಡ್ಡು, ಗಮನ ಎರಡೂ ನಿಜವಾಗಿ ಬೇಕಾಗಿರುವ ಜಾಗದ ಬಗ್ಗೆ ಮಾತ್ರ ಯಾವ ಬೋರ್ಡೂ ಇಲ್ಲ. ಹುಟ್ಟಿದ ಗಂಡುಮಗುವಿನ ಬೀಜ ಚೀಲಕ್ಕೆ ಇಳಿದಿದೆಯಾ ಅಂತ ಬಾಣಂತಿಗೆ ನೀರು ಹಾಕೋ ಅಜ್ಜಿಗೂ ಗೊತ್ತಾಗುತ್ತದೆ. ಇಳಿಯದಿದ್ದರೆ "ದೊಡ್ಡವನಾಗ್ತಾ ಇಳಿಯುತ್ತೆ ಬಿಡು" ಅನ್ನುತ್ತಾರೆ. ಮೊದಲ ಆರು ತಿಂಗಳವರೆಗೆ ಆ ಮಾತು ಸರಿ, ಎಷ್ಟೋ ಮಕ್ಕಳಲ್ಲಿ ತಾನಾಗೇ ಇಳಿಯುತ್ತದೆ. ಆಮೇಲೆ ಕಾಯೋದರಲ್ಲಿ ಅರ್ಥ ಇಲ್ಲ. ಆರರಿಂದ ಹದಿನೆಂಟು ತಿಂಗಳೊಳಗೆ ಸಣ್ಣ ಆಪರೇಶನ್ ಮಾಡಿ ಕೆಳಗೆ ಇಳಿಸಬೇಕು ಅನ್ನೋದು ಈಗಿನ ಸಲಹೆ. ಹೊಟ್ಟೆಯ ಬಿಸಿಯಲ್ಲಿ ಉಳಿದಷ್ಟೂ ಕಾಲ ಅಲ್ಲಿನ ಕೋಶಗಳು ಕಡಿಮೆಯಾಗುತ್ತಾ ಹೋಗುತ್ತವೆ, ಮುಂದೆ ವೃಷಣದ ಕ್ಯಾನ್ಸರಿನ ಸಾಧ್ಯತೆಯೂ ಹೆಚ್ಚು. ಶಾಲೆಗೆ ಸೇರಿಸೋ ವಯಸ್ಸಿನವರೆಗೆ ಕಾಯೋದಂತೂ ಬೇಡವೇ ಬೇಡ. ಲಸಿಕೆ ಹಾಕಿಸೋಕೆ ಹೋದ ದಿನವೇ ಒಮ್ಮೆ ನೋಡಿ ಅಂತ ವೈದ್ಯರನ್ನು ಕೇಳಿದರೆ ಎರಡು ನಿಮಿಷದ ಕೆಲಸ.